ಹರಿಹರದಲ್ಲಿ ಬಿಟ್ಟುಕೊಟ್ಟ ಆಟ

ತಿಂಗಳಿಗೊಮ್ಮೆ ಎಲ್ಲಾದರೂ ಚದುರಂಗದ ಪಂದ್ಯವಿದ್ದರೆ ಹೋಗಿ ಆಡಿ, ಬಹುಮಟ್ಟಿಗೆ ಸೋತು ಬರುವ ಚಟ ನನಗೆ ಇನ್ನೂ ಬಿಟ್ಟಿಲ್ಲ. ಮನೆಗೆ ಬಂದವಳೇ ಆಡಿದ ಆಟವನ್ನು ಮೊಬೈಲಿಗೆ ಹಾಕುತ್ತೇನೆ. ಅದರೊಳಗಿನ ಯಂತ್ರ ಒಂದೊಂದೇ ನಡೆಯನ್ನು ತೂಗಿ, ತಪ್ಪಿದಲ್ಲೆಲ್ಲ ಕೆಂಪು ಗುರುತು ಹಾಕುತ್ತದೆ. ಮೊನ್ನೆ ಒಂದು ಮಧ್ಯಾಹ್ನ ಸುಮ್ಮನೆ ಕೂತವಳಿಗೆ ಏನನ್ನಿಸಿತೋ, ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಹರಿಹರದಲ್ಲಿ ಆಡಿದ ಆಟವನ್ನು ಹಾಕಿ ನೋಡಿದೆ. ಅದರ ನಡೆಗಳನ್ನು ನಾನು ಎಲ್ಲೂ ಬರೆದಿಟ್ಟಿಲ್ಲ, ಮರೆತೂ ಇಲ್ಲ. ಯಂತ್ರ ಅರೆಗಳಿಗೆಯಲ್ಲಿ ಕೆಂಪು ಗುರುತು ಹಾಕಿತು. ಇಲ್ಲಿ ಎರಡು ನಡೆಯಲ್ಲಿ ಗೆಲುವಿತ್ತು, ನಿಮ್ಮ ಕಣ್ಣಿಗೆ ಬೀಳಲಿಲ್ಲ ಎಂದಿತು. ಪಾಪ, ಅದಕ್ಕೇನು ಗೊತ್ತು. ಕಣ್ಣಿಗೆ ಬಿದ್ದಿತ್ತು. ಚೆನ್ನಾಗಿಯೇ ಬಿದ್ದಿತ್ತು. ಯಾಕೆ ಆಡಲಿಲ್ಲ ಎಂಬುದನ್ನು ಹೇಳಬೇಕಾದರೆ ದಾವಣಗೆರೆಯ ಹಳೇಪೇಟೆಯ ನಮ್ಮ ಮನೆಯಿಂದ ಶುರು ಮಾಡಬೇಕು. ಅಲ್ಲಿಗೆ ಮನಸ್ಸಿನಲ್ಲಿ ಹೋದಾಗಲೆಲ್ಲ ನನ್ನ ಕಿವಿ ಈಗಲೂ ಬಿಸಿಯಾಗುತ್ತದೆ.

ಮನೆ ಉದ್ದಕ್ಕಿತ್ತು, ಅಗಲಕ್ಕಿರಲಿಲ್ಲ. ಬೀದಿಗೆ ಜಗಲಿ, ಆಮೇಲೆ ಪಡಸಾಲೆ, ನಡುಮನೆ, ದೇವರ ಕೋಣೆ, ಕೊನೆಗೆ ಹೊಗೆ ಹೋಗಲು ದಾರಿಯಿಲ್ಲದ ಅಡುಗೆಮನೆ. ಪಡಸಾಲೆ ದೊಡ್ಡಪ್ಪನದು. ಹಾಗಂತ ಯಾರೂ ಹೇಳಿರಲಿಲ್ಲ, ಆದರೆ ಅಲ್ಲಿದ್ದ ಒಂದೇ ಬೆತ್ತದ ಕುರ್ಚಿಯಲ್ಲಿ ಬೇರೆಯವರು ಕೂತದ್ದನ್ನು ನಾನು ನೋಡಿಲ್ಲ. ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ, ಮನೆಯ ಯಜಮಾನರು. ಮಾರುಕಟ್ಟೆಯಲ್ಲಿ ಅವರದೊಂದು ದಲ್ಲಾಳಿ ಮಂಡಿ. ಮಾಯಕೊಂಡ, ಆನಗೋಡು ಕಡೆಯ ರೈತರು ಮೆಕ್ಕೆಜೋಳ ತಂದು ನಮ್ಮ ಮಂಡಿಯಲ್ಲೇ ಇಳಿಸುತ್ತಿದ್ದರು. ಅಪ್ಪ ಅದೇ ಮಂಡಿಯಲ್ಲಿ ಅಣ್ಣನ ಕೈಕೆಳಗೆ. ಬೆಳಿಗ್ಗೆ ಇಬ್ಬರೂ ಸ್ನಾನ ಮುಗಿಸಿ, ವಿಭೂತಿ ಧರಿಸಿ, ಲಿಂಗಪೂಜೆ ಮಾಡಿ, ಒಂದೇ ಪಂಕ್ತಿಯಲ್ಲಿ ಕೂತು ರೊಟ್ಟಿ ತಿಂದು ಹೊರಡುತ್ತಿದ್ದರು. ದೊಡ್ಡಪ್ಪ ಮುಂದೆ, ಅಪ್ಪ ಚೀಲ ಹಿಡಿದು ಹಿಂದೆ. ದೊಡ್ಡಪ್ಪ ಕೆಟ್ಟವರಲ್ಲ. ಹಾಗೆ ನೋಡಿದರೆ ನನಗೆ ಜ್ವರ ಬಂದಾಗ ಅವ್ವನಿಗಿಂತ ಹೆಚ್ಚು ಸಲ ಹಣೆ ಮುಟ್ಟಿ ನೋಡಿದವರು ಅವರೇ. ಆದರೆ ಅವರು ಊಟಕ್ಕೆ ಕೂರುವ ತನಕ ಮನೆಯಲ್ಲಿ ಯಾರ ತಟ್ಟೆಗೂ ರೊಟ್ಟಿ ಬೀಳುತ್ತಿರಲಿಲ್ಲ. ಅವರು ಆಡಿದ ಮಾತಿಗೆ ಎದುರು ಮಾತೂ ಇರುತ್ತಿರಲಿಲ್ಲ. ಅಡುಗೆಮನೆಗೊಂದು ಕಿಟಕಿ ಒಡೆಸಬೇಕೆಂದು ಅವ್ವ ಕೇಳುತ್ತ ಬಂದಿದ್ದಳು. ಆ ಗೋಡೆಗೆ ಕಿಟಕಿ ಕೂಡದು ಎಂದು ದೊಡ್ಡಪ್ಪ ಒಮ್ಮೆ ಹೇಳಿದರು, ಅಲ್ಲಿಗೆ ಮುಗಿಯಿತು. ಅವ್ವ ಕಣ್ಣು ಒರೆಸಿಕೊಳ್ಳುತ್ತ ಅಪ್ಪನ ಮೇಲೆ ಹರಿಹಾಯುವಳು.

"ನಿಮಗೆ ಬಾಯಿ ಐತೋ ಇಲ್ಲೋ? ಒಂದು ಮಾತು ಕೇಳಾಕೆ ಏನಾಗ್ತೈತ್ರಿ?"

"ಅಣ್ಣ ಅಂದಾನಲ್ಲ, ಬಿಡು."

"ಹೊಗಿ ಕುಡಿಯಾಕಿ ನಾನು, ಬಿಡಾಕೆ ನೀವು."

ಅಪ್ಪ ನಗುತ್ತಿದ್ದ. ಆ ನಗು ನನಗೆ ಇಷ್ಟವಿತ್ತು. ನನ್ನ ಅಪ್ಪ ಜಗಳವಾಡದ ಮನುಷ್ಯ ಎಂದು ಗೆಳತಿಯರ ಮುಂದೆ ಹೇಳಿಕೊಳ್ಳುತ್ತಿದ್ದೆ.

ಸಂಜೆ ಮಂಡಿಯಿಂದ ಬಂದು ಕೈಕಾಲು ತೊಳೆದ ಮೇಲೆ ಪಡಸಾಲೆಯಲ್ಲಿ ಚದುರಂಗ ಹಾಸುತ್ತಿದ್ದರು. ದೊಡ್ಡಮ್ಮ ಒಂದು ದೊಡ್ಡ ತಟ್ಟೆಯಲ್ಲಿ ಒಗ್ಗರಣೆ ಮಂಡಕ್ಕಿ, ಪಕ್ಕದಲ್ಲಿ ಬಿಸಿ ಮೆಣಸಿನಕಾಯಿ ಬಜ್ಜಿ ತಂದಿಡುವರು. ಮಣೆ ಮರದ್ದು, ಕಾಯಿಗಳೂ ಮರದವು. ಬಿಳಿಯ ಕುದುರೆಗಳಲ್ಲಿ ಒಂದು ಯಾವಾಗಲೋ ಕಳೆದುಹೋಗಿತ್ತು. ಅದರ ಬದಲು ಮಂಡಿಯ ತಕ್ಕಡಿಯ ಒಂದು ಸಣ್ಣ ಹಿತ್ತಾಳೆಯ ತೂಕದ ಬಟ್ಟನ್ನು ಇಟ್ಟುಕೊಂಡಿದ್ದರು. ಹೊಸಬರು ಬಂದರೆ, ಇದೇನು ಎಂದು ಕೇಳುವರು. ಕುದುರೆ ಎಂದರೆ ನಗುವರು. ನಮಗೆ ಮಾತ್ರ ಅದು ನಿಜವಾದ ಕುದುರೆಗಿಂತ ಹೆಚ್ಚು ಕುದುರೆಯಾಗಿತ್ತು. ದೊಡ್ಡಪ್ಪ ಕುರ್ಚಿಯಲ್ಲಿ, ಅಪ್ಪ ಎದುರಿನ ಗಿಡ್ಡ ಸ್ಟೂಲಿನಲ್ಲಿ, ನಾನು ಮಂಡಕ್ಕಿ ತಟ್ಟೆಯ ಪಕ್ಕ ನೆಲದ ಮೇಲೆ. ನನಗೆ ಆಟ ಬಂದದ್ದು ಹೀಗೆ ನೋಡಿ ನೋಡಿ. ದೊಡ್ಡಪ್ಪ ಗಟ್ಟಿಯಾಗಿ ಮಾತಾಡುತ್ತ ಆಡುವರು. ಕಾಯಿ ಇಟ್ಟು ಕೈ ತೆಗೆದ ಮೇಲೂ, ತಪ್ಪಾಯಿತೆನ್ನಿಸಿದರೆ, "ತಡಿ ತಡಿ, ನಾ ಇನ್ನೂ ಕೈ ಬಿಟ್ಟಿಲ್ಲ" ಎಂದು ವಾಪಸು ತೆಗೆಯುವರು. ಅಪ್ಪ ಅಡ್ಡಿ ಮಾಡದೆ ಕಾಯುತ್ತಿದ್ದ. ಕೊನೆಗೆ ದೊಡ್ಡಪ್ಪ ಗೆಲ್ಲುವರು. ಪ್ರತಿ ಸಂಜೆ ಗೆಲ್ಲುವರು. ಅಪ್ಪ ಹಣೆ ಚಚ್ಚಿಕೊಂಡು, "ಅಯ್ಯ, ನೋಡ್ಲೇ ಇಲ್ಲ ನೋಡ್ರಿ ಅಣ್ಣ" ಎನ್ನುವನು. ಯುಗಾದಿಯ ದಿನ ಬೀಗರ ಮುಂದೆ ಅಪ್ಪನೊಡನೆ ಒಂದು ಆಟ ಆಡಿ, ಮಂತ್ರಿ ಇಲ್ಲದೆಯೇ ಗೆದ್ದೆನೆಂದು ದೊಡ್ಡಪ್ಪ ಮಂಡಿಯಲ್ಲಿ ಬಂದವರಿಗೆಲ್ಲ ವರ್ಷಗಟ್ಟಲೆ ಹೇಳಿದರು. ಕಾಳಿನ ತೇವ ನೋಡಿಸಲು ಬಂದ ರೈತರು ಮೂಟೆಯ ಮೇಲೆ ಕೂತು ಆ ಕಥೆ ಕೇಳಬೇಕಿತ್ತು.

ದಾವಣಗೆರೆಯಲ್ಲೇ ದೊಡ್ಡಪ್ಪನಂಥ ಆಟಗಾರರಿಲ್ಲ ಎಂದು ನಾನೂ ನಂಬಿದ್ದೆ. ಆಮೇಲೆ ಶಾಲೆಯ ಲೈಬ್ರರಿಯಲ್ಲಿ ಚದುರಂಗದ ಒಂದು ಹಳೆಯ ಪುಸ್ತಕ ಸಿಕ್ಕಿ, ಅದನ್ನು ಓದುತ್ತ ಓದುತ್ತ ಸಂಜೆಯ ಆಟಗಳು ಬೇರೆಯಾಗಿ ಕಾಣತೊಡಗಿದವು. ಅಪ್ಪ ಸೋಲುವುದಿಲ್ಲ, ಸೋಲನ್ನು ಕಟ್ಟುತ್ತಾನೆ ಎಂದು ಒಂದು ಸಂಜೆ ನನಗೆ ಹೊಳೆಯಿತು. ಮೊದಲು ಒಬ್ಬ ಕಾಲಾಳನ್ನು ಕಾವಲಿಲ್ಲದೆ ಬಿಡುವನು. ದೊಡ್ಡಪ್ಪ ನೋಡದಿದ್ದರೆ ಇನ್ನೊಂದು ಮನೆ ಮುಂದೆ ದೂಡಿ ತೋರಿಸುವನು. ಆಮೇಲೆ ಒಂಟೆ ಕೊಟ್ಟು ಕುದುರೆ ತೆಗೆಯುವ ಕಡೆ ಆನೆ ಕೊಟ್ಟು ಕುದುರೆ ತೆಗೆಯುವನು. ಹಣೆ ಚಚ್ಚಿಕೊಳ್ಳುವುದಂತೂ ಎಷ್ಟು ಸರಿಯಾದ ಹೊತ್ತಿಗೆ ಬರುತ್ತಿತ್ತೆಂದರೆ ನಾಟಕ ಕಂಪನಿಯವರು ಕಲಿಯಬೇಕು. ಇದನ್ನು ಕಂಡಾಗ ನನಗೆ ಬೇಜಾರಾಗಲಿಲ್ಲ. ಅದೇ ಈಗ ನಾಚಿಕೆಯಾಗುವ ಮಾತು. ನನಗೆ ಹೆಮ್ಮೆಯಾಯಿತು. ಇಷ್ಟು ಚೆಂದವಾಗಿ ಸೋಲಲು ಎಷ್ಟು ಬುದ್ಧಿ ಬೇಕು ಎಂದು ಅಪ್ಪನನ್ನು ಮೆಚ್ಚಿಕೊಂಡೆ. ದೊಡ್ಡಪ್ಪ ನನ್ನನ್ನೂ ಆಟಕ್ಕೆ ಕೂಡಿಸಿಕೊಳ್ಳತೊಡಗಿದ ಮೇಲೆ ನಾನೂ ಅದನ್ನೇ ಆಡಿದೆ. ಗೆಲ್ಲುವ ನಡೆಯನ್ನು ಹುಡುಕಬೇಕು, ಸಿಕ್ಕಿದ ಮೇಲೆ ಅದರ ಪಕ್ಕದ ನಡೆಯನ್ನು ಆಡಬೇಕು, "ಅಯ್ಯ, ನೋಡ್ಲೇ ಇಲ್ಲ ದೊಡ್ಡಪ್ಪ" ಎನ್ನಬೇಕು. ಅಪ್ಪ ಆಗ ನನ್ನತ್ತ ನೋಡುತ್ತಿರಲಿಲ್ಲ. ಮಂಡಕ್ಕಿಯಲ್ಲಿ ಶೇಂಗಾ ಹುಡುಕುತ್ತಿದ್ದ.

ಹರಿಹರದ ಪಂದ್ಯಕ್ಕೆ ನನ್ನನ್ನು ಕಳಿಸಿದವರು ದೊಡ್ಡಪ್ಪನೇ. ಪತ್ರಿಕೆಯಲ್ಲಿ ಸುದ್ದಿ ನೋಡಿದವರೂ ಅವರೇ.

"ಹೋಗಿ ಬರ್ಲಿ ತಮ್ಮ, ನಮ್ಮ ಮನಿ ಆಟ ಅಲ್ಲೀ ಮಂದಿಗೂ ಗೊತ್ತಾಗ್ಲಿ. ನಾ ಕಲಿಸಿದ್ದು ಅಂತ ಹೇಳವ್ವ ಮತ್ತೆ."

ಶನಿವಾರ, ಭಾನುವಾರ ಎರಡೂ ದಿನ ಅಪ್ಪ ಬಸ್ಸಿನಲ್ಲಿ ನನ್ನನ್ನು ಕರೆದುಕೊಂಡು ಹೋದ. ಕಾರ್ಖಾನೆಯ ಕಾಲೊನಿಯ ಒಂದು ಸಭಾಂಗಣದಲ್ಲಿ ಉದ್ದುದ್ದ ಟೇಬಲ್ಲು ಹಾಕಿದ್ದರು. ಆಡುವವರನ್ನು ಬಿಟ್ಟು ಉಳಿದವರೆಲ್ಲ ಹೊರಗಿರಬೇಕು. ಅಪ್ಪ ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಪೇಪರು ಹಾಸಿ ಕೂತ. ಎಲ್ಲ ವಯಸ್ಸಿನವರೂ ಸೇರಿ ಆಡುವ ಪಂದ್ಯ ಅದು. ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ನಾನು ಹೆದರಿಕೊಂಡೇ ಆಡಿದೆ, ಆದರೆ ಗೆಲ್ಲುತ್ತ ಹೋದೆ. ಓರಗೆಯ ಹುಡುಗರನ್ನು ಸೋಲಿಸಲು ನನಗೇನೂ ಕಷ್ಟವಾಗಲಿಲ್ಲ. ಭಾನುವಾರ ಊಟದ ಹೊತ್ತಿಗೆ ಗೋಡೆಯ ಪಟ್ಟಿಯಲ್ಲಿ ನನ್ನ ಹೆಸರು ಮೇಲಿತ್ತು. ಕೊನೆಯ ಆಟ ಗೆದ್ದರೆ ಜಿಲ್ಲೆಯ ತಂಡದಲ್ಲಿ ಜಾಗ, ಮೈಸೂರಿನಲ್ಲಿ ಆಡಬಹುದು. ಗೆಲ್ಲದಿದ್ದರೆ ಇಲ್ಲ. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ನನ್ನ ಕೈಗೆ ಕೊಡುತ್ತ ಅಪ್ಪ, "ಮೈಸೂರಿಗೆ ನಾನೂ ಹೋಗಿಲ್ಲ ನೋಡು" ಎಂದ. ಅಷ್ಟೇ ಎಂದದ್ದು. ಆದರೆ ತಾನು ತಿನ್ನುವುದನ್ನು ಮರೆತಿದ್ದ. ಅಪ್ಪನಿಗೆ ಏನೋ ಬೇಕು ಎಂದು ನಾನು ಕಂಡದ್ದು ಅದೇ ಮೊದಲು.

ಕೊನೆಯ ಆಟಕ್ಕೆ ನನ್ನ ಎದುರು ಬಂದವರು ದೊಡ್ಡಪ್ಪನ ವಯಸ್ಸಿನವರು. ಬಿಳಿ ಧೋತ್ರ, ಹಣೆಯ ಮೇಲೆ ವಿಭೂತಿ, ನಿವೃತ್ತ ಮೇಷ್ಟ್ರು. ಪಂದ್ಯದವರೆಲ್ಲ ಅವರಿಗೆ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದರು. ಕೂತವರೇ ನನ್ನನ್ನು ನೋಡಿ ಕೇಳಿದರು.

"ಯಾರ ಮಗಳವ್ವ ನೀನು?"

ಅಪ್ಪನ ಹೆಸರು ಹೇಳಿದೆ. ಅವರಿಗೆ ತಿಳಿಯಲಿಲ್ಲ. ದೊಡ್ಡಪ್ಪನ ಹೆಸರು, ಮಂಡಿಯ ಹೆಸರು ಹೇಳಿದೆ.

"ಅವ್ರ ಮನಿ ಹುಡ್ಗೀನಾ? ಬಾಳ ದೊಡ್ಡ ಆಟಗಾರರಂತೆ ಅವ್ರು. ಕೇಳೀನಿ."

ಅಲ್ಲಿಗೆ ಅರ್ಧ ಆಟ ಮುಗಿದಂತಾಯಿತು. ಎದುರು ಕೂತವರು ಎದುರಾಳಿಯಾಗಿ ಉಳಿಯಲಿಲ್ಲ, ಮನೆಗೆ ಬಂದ ಹಿರಿಯರಾದರು. ಆದರೂ ಕಾಯಿಗಳು ನನ್ನ ಮಾತು ಕೇಳಿದವು. ಅವರು ನಿಧಾನವಾಗಿ ಆಡುವರು, ನಡುನಡುವೆ ಕೆಮ್ಮುವರು, ತಮ್ಮ ನಡೆಯಾದ ಮೇಲೆ ಗಡಿಯಾರ ಒತ್ತಲು ಮರೆತು ತಮ್ಮದೇ ಸಮಯ ಕಳೆದುಕೊಳ್ಳುವರು. ನಾನು ಎರಡು ಸಲ ಬೆರಳು ತೋರಿಸಿ ನೆನಪಿಸಿದೆ. ಹಾಗೆ ನೆನಪಿಸಬೇಕಿಲ್ಲ ಎಂದು ನನಗೆ ಗೊತ್ತಿತ್ತು. ಹೊರಗೆ ಬಿಸಿಲು ಇಳಿಯುವ ಹೊತ್ತಿಗೆ ಅವರ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ. ಮುಂದೆ ಅವರದೇ ಇಬ್ಬರು ಕಾಲಾಳುಗಳು, ಪಕ್ಕದ ಮನೆ ಖಾಲಿ, ಅದರಾಚೆ ಅವರದೇ ಆನೆ. ನನ್ನ ಕುದುರೆ ಹತ್ತಿರದಲ್ಲೇ ನಿಂತಿತ್ತು, ಮಂತ್ರಿ ದೂರದಿಂದ ಆ ಖಾಲಿ ಮನೆಯನ್ನೇ ನೋಡುತ್ತಿದ್ದ. ಮಂತ್ರಿಯನ್ನು ಅಲ್ಲಿಗೆ, ರಾಜನ ಪಕ್ಕಕ್ಕೇ, ತಂದು ಇಡಬೇಕು. ಕುದುರೆಯ ಕಾವಲಿರುವುದರಿಂದ ರಾಜ ಅವನನ್ನು ಹೊಡೆಯುವಂತಿಲ್ಲ. ಆನೆಯೇ ಬಂದು ಹೊಡೆಯಬೇಕು. ಆನೆ ಅಲ್ಲಿ ಬಂದು ಕೂತ ಕೂಡಲೇ ಕುದುರೆ ಒಮ್ಮೆ ಹಾರಿದರೆ ಸಾಕು. ರಾಜನಿಗೆ ಕದಲಲು ಜಾಗವೇ ಇಲ್ಲ, ಸುತ್ತ ನಿಂತವರೆಲ್ಲ ಅವನ ಕಡೆಯವರೇ.

ನೋಡಿದ ತಕ್ಷಣ ಕಂಡಿತು. ಕಂಡದ್ದೇ ತಡ, ಒಳಗೆ ಏನೋ ಒಂದು ಬಾಗಿಲು ಹಾಕಿಕೊಂಡಿತು. ಮಂತ್ರಿಯನ್ನು ಮುಟ್ಟಲು ಹೋದ ಕೈ ಕುದುರೆಯನ್ನು ಮುಟ್ಟಿತು. ಕುದುರೆಯಿಂದ ಚೆಕ್ ಕೊಟ್ಟೆ. ರಾಜ ಪಕ್ಕಕ್ಕೆ ಸರಿದ. ಕುದುರೆಯನ್ನು ವಾಪಸು ತಂದು ಮತ್ತೆ ಚೆಕ್ ಕೊಟ್ಟೆ. ರಾಜ ಮತ್ತೆ ಮೂಲೆಗೆ ಹೋದ. ಮತ್ತೆ ಮಂತ್ರಿಗೆ ಅದೇ ದಾರಿ ತೆರೆದಿತ್ತು. ಮತ್ತೆ ನಾನು ಕುದುರೆಯನ್ನೇ ಮುಟ್ಟಿದೆ. ಹೀಗೆ ಅದೇ ಸ್ಥಿತಿ ಮರಳಿ ಮರಳಿ ಬಂದರೆ ಆಟ ಸಮ ಎಂಬುದು ನಿಯಮ. ಅವಸರದಲ್ಲಿ ಒಂದು ಸಲ ತಪ್ಪಿದ್ದರೆ ಕಾಣಲಿಲ್ಲ ಎನ್ನಬಹುದಿತ್ತು. ಮತ್ತೆ ಮತ್ತೆ ಅದೇ ಬಾಗಿಲ ಮುಂದೆ ಹೋಗಿ ತಿರುಗಿ ಬಂದವಳು ಹಾಗೆನ್ನುವುದು ಹೇಗೆ? ಮೇಷ್ಟ್ರು ಕನ್ನಡಕ ತೆಗೆದು ಮಣೆಯನ್ನು ನೋಡಿದರು, ನನ್ನನ್ನು ನೋಡಿದರು, ಕೈ ಚಾಚಿದರು.

"ಸಮ ಆತಲ್ಲವ್ವ. ಒಳ್ಳೆ ಮನೆತನದ ಮಗಳು ನೀನು."

ಆಗ ಅದನ್ನು ಹೊಗಳಿಕೆ ಎಂದುಕೊಂಡೆ. ಬಸ್ಸಿನಲ್ಲಿ ತುಂಗಭದ್ರೆಯ ಕಡೆಯಿಂದ ಗಾಳಿ ಬರುತ್ತಿತ್ತು. ಸಮ ಆಯಿತು ಎಂದು ಅಪ್ಪನಿಗೆ ಹೇಳಿದೆ. "ಆಗ್ಲಿ ಬಿಡು, ಅಷ್ಟು ದೊಡ್ಡೋರ ಜತೆ ಸಮ ಅಂದ್ರೆ ಕಡಿಮೇನಾ" ಎಂದ. ಊರು ಬರುವ ತನಕ ಕಿಟಕಿಯಾಚೆ ನೋಡುತ್ತ ಕೂತ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಇನ್ನೂ ಪೂಜೆಯಲ್ಲಿದ್ದರು. ಅಪ್ಪ ತನ್ನ ಪೂಜೆ ಬೇಗ ಮುಗಿಸಿ ಬಂದವನು ಪಡಸಾಲೆಯಲ್ಲಿ ಮಣೆ ಹಾಸಿದ. ಬೆಳಗಿನ ಹೊತ್ತು ನಮ್ಮ ಮನೆಯಲ್ಲಿ ಆ ಮಣೆ ಹೊರಗೆ ಬಂದದ್ದಿಲ್ಲ.

"ನಿನ್ನೆ ಆಡಿದ್ದು ಹಾಕು. ನೋಡಾನ."

ಮೊದಲಿನಿಂದ ಹಾಕುತ್ತ ಹೋದೆ. ಅಪ್ಪ ಕೆಲವು ಕಡೆ ತಡೆದು, ಇಲ್ಲಿ ಒಂಟೆ ತೆಗೆದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದ. ಅವನು ಕೇಳಿದ ಪ್ರಶ್ನೆಗಳೇ ನನ್ನನ್ನು ಬೆರಗುಗೊಳಿಸಿದವು. ನಾನು ಪುಸ್ತಕದಲ್ಲಿ ಓದಿ ಕಷ್ಟಪಟ್ಟು ತಿಳಿದದ್ದನ್ನು ಅವನು ಶೇಂಗಾ ಸುಲಿದಷ್ಟು ಸಲೀಸಾಗಿ ನೋಡುತ್ತಿದ್ದ. ಹಿತ್ತಾಳೆಯ ಬಟ್ಟು ರಾಜನ ಹತ್ತಿರ ಬಂದು ನಿಂತಿತು. ರಾಜ ಮೂಲೆಗೆ ಹೋದ. ನಾನಿನ್ನೂ ಕೈ ತೆಗೆದಿರಲಿಲ್ಲ, ಅಪ್ಪ ಮಂತ್ರಿಯನ್ನು ಎತ್ತಿ ಆ ಖಾಲಿ ಮನೆಯಲ್ಲಿಟ್ಟ. ಆನೆಯಿಂದ ತಾನೇ ಹೊಡೆದ. ಬಟ್ಟನ್ನು ಹಾರಿಸಿದ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಯಿತು.

"ಇದು ಕಾಣ್ಲಿಲ್ಲೇನು?"

ಕಾಣಲಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನಗೆ ಅಪ್ಪನ ಮುಂದೆ ದಡ್ಡಿ ಎನ್ನಿಸಿಕೊಳ್ಳುವುದು ಬೇಡವಾಗಿತ್ತು. ಅಷ್ಟೇ ಕಾರಣ, ದೊಡ್ಡ ಸತ್ಯವಂತಿಕೆಯೇನೂ ಅಲ್ಲ.

"ಕಂಡಿತ್ತಪ್ಪ."

"ಮತ್ಯಾಕ ಆಡ್ಲಿಲ್ಲ?"

"ಅವ್ರು ದೊಡ್ಡೋರಲ್ಲ. ನೀನು ದೊಡ್ಡಪ್ಪಗೆ ಆಡ್ತೀಯಲ್ಲ, ಹಂಗೆ ಆಡಿದೆ."

ಮೆಚ್ಚಿಕೊಳ್ಳುತ್ತಾನೆ ಎಂದೇ ಹೇಳಿದ್ದು. ಇಷ್ಟು ವರ್ಷ ನಾವಿಬ್ಬರೂ ಒಂದೇ ಗುಟ್ಟನ್ನು ಕಾಪಾಡುತ್ತಿದ್ದೇವೆ, ಈಗ ಅದನ್ನು ಹಂಚಿಕೊಂಡು ನಗಬಹುದು ಎಂದುಕೊಂಡಿದ್ದೆ. ಅಪ್ಪ ನಗಲಿಲ್ಲ. ಅವನ ಮುಖ ಕುತ್ತಿಗೆಯಿಂದ ಮೇಲಕ್ಕೆ ಕೆಂಪಗಾಗುತ್ತ ಹೋದದ್ದನ್ನು ನೋಡಿದೆ. ಅವನು ಕಾಯಿಗಳನ್ನು ಡಬ್ಬಿಗೆ ತುಂಬಲು ಹೋದ. ಒಂದೆರಡು ಕೈಜಾರಿ ಕೆಳಗೆ ಬಿದ್ದವು. ಎತ್ತಲು ಬಾಗಿದವನು ಬೇಗ ಏಳಲಿಲ್ಲ. ತಾನೊಬ್ಬನೇ ಬಗ್ಗಿ ನಡೆದರೆ ಮನೆ ನೆಟ್ಟಗಿರುತ್ತದೆ ಎಂದು ಅವನು ಲೆಕ್ಕ ಹಾಕಿದ್ದಿರಬೇಕು. ಆ ಬಾಗಿದ ಬೆನ್ನನ್ನು ಮಗಳು ದಿನಾ ಕೂತು ಕಲಿತಿದ್ದಾಳೆ ಎಂಬುದು ಅವನ ಲೆಕ್ಕದಲ್ಲಿ ಇರಲಿಲ್ಲ. ಇದೆಲ್ಲ ಈಗ ಹೊಳೆದದ್ದು. ಆಗ ನನಗೆ ತಿಳಿದದ್ದು ಇಷ್ಟೇ, ನಾನು ಅಪ್ಪನಿಗೆ ಹೇಳಬಾರದ್ದನ್ನು ಹೇಳಿದ್ದೇನೆ. ನಾಚಿಕೆಯಾಯಿತು. ಓಡಿಹೋಗಿ ಬಚ್ಚಲ ಒಲೆಯ ಮುಂದೆ ಕೂತೆ. ಹೊಗೆಗೆ ಕಣ್ಣೀರು ಬಂತು ಎಂದು ಅವ್ವನಿಗೆ ಹೇಳಿದೆ.

ಅವತ್ತು ಸಂಜೆ ಎಂದಿನಂತೆ ಮಂಡಕ್ಕಿ ಬಂತು, ಬಜ್ಜಿ ಬಂತು. ಅಪ್ಪ ಸ್ಟೂಲಿನಲ್ಲಿ ಕೂತ. ಆಟ ಶುರುವಾದ ಸ್ವಲ್ಪ ಹೊತ್ತಿಗೇ ನನಗೆ ಗೊತ್ತಾಯಿತು. ಕಾವಲಿಲ್ಲದ ಕಾಲಾಳು ಬರಲೇ ಇಲ್ಲ. ಅಪ್ಪನ ಕಾಯಿಗಳು ಒಂದರ ಬೆನ್ನಿಗೆ ಒಂದು ನಿಂತು ಮುಂದೆ ಬಂದವು. ನಾನು ಮನಸ್ಸಿನಲ್ಲೇ, ಬೇಡಪ್ಪ, ಸೋತುಬಿಡು ಎಂದೆ. ದೊಡ್ಡಪ್ಪ ಮಾತಾಡುತ್ತಲೇ ಇದ್ದರು. ಒಂದು ಕಡೆ ಆನೆ ಇಟ್ಟು, ಕೈ ತೆಗೆದು, ಬಜ್ಜಿ ಮುರಿದು ಬಾಯಿಗೆ ಹಾಕಿಕೊಂಡರು. ಆಮೇಲೆ ಮಣೆ ನೋಡಿದರು.

"ತಡಿ, ನಾ ಇನ್ನೂ ಕೈ ಬಿಟ್ಟಿದ್ದಿಲ್ಲ."

"ಬಿಟ್ಟಿದ್ರಿ ಅಣ್ಣ."

ಅಪ್ಪ ಮೆತ್ತಗೇ ಹೇಳಿದ. ಆದರೆ ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ದೊಡ್ಡಮ್ಮ ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದರು. ಅವ್ವ ಅವರ ಹಿಂದೆ ನಿಂತಳು. ದೊಡ್ಡಪ್ಪ ಆನೆಯ ಮೇಲಿಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಆಟ ಬಹಳ ಹೊತ್ತು ನಡೆಯಲಿಲ್ಲ. ಅಪ್ಪ ಕೊನೆಯ ಚೆಕ್ ಕೊಟ್ಟು, ಹಣೆ ಚಚ್ಚಿಕೊಳ್ಳದೆ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ದೊಡ್ಡಪ್ಪ ಮಣೆಯನ್ನು ನೋಡುತ್ತಲೇ ಇದ್ದರು. ಸೋತದ್ದಕ್ಕೆ ಸಿಟ್ಟಾಗುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರಿಗೆ ಸಿಟ್ಟು ಬರಲಿಲ್ಲ, ಬುದ್ಧಿ ಬಂತು. ಅದು ಸಿಟ್ಟಿಗಿಂತ ಕೆಟ್ಟದಾಗಿತ್ತು.

"ಎಷ್ಟು ವರ್ಷದಿಂದ ಹಿಂಗೆ ನಡ್ಸೀಯಪ್ಪ?"

ಅಪ್ಪ ಮಂಡಕ್ಕಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಯುಗಾದಿ ದಿನ ಆಡಿದ್ದು?"

ಅಪ್ಪ ತಲೆ ತಗ್ಗಿಸಿದ. ಬೀಗರ ಮುಂದೆ ಗೆದ್ದ, ಮಂಡಿಯಲ್ಲಿ ವರ್ಷಗಟ್ಟಲೆ ಹೇಳಿದ ಆಟ ಅದು. ದೊಡ್ಡಪ್ಪ ಎದ್ದು ಧೋತ್ರದ ಚುಂಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದರು. ರಾತ್ರಿ ಊಟಕ್ಕೆ ಬರಲಿಲ್ಲ. ಅವರು ಕೂರದೆ ಯಾರೂ ಕೂರುವಂತಿರಲಿಲ್ಲವಲ್ಲ, ರೊಟ್ಟಿ ಬುಟ್ಟಿಯಲ್ಲೇ ಆರಿತು. ಕೊನೆಗೆ ದೊಡ್ಡಮ್ಮ ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದು ಕದ್ದು ತಿನ್ನಿಸುವವರಂತೆ ಒಂದು ರೊಟ್ಟಿ ತಿನ್ನಿಸಿದರು. ಅವ್ವನಿಗೆ ಒಳಗೊಳಗೇ ಖುಷಿಯಾಗಿದ್ದದ್ದು ನನಗೆ ಗೊತ್ತು. ಮರುದಿನ ಬೆಳಿಗ್ಗೆ ಅಪ್ಪನ ರೊಟ್ಟಿಗೆ ಒಂದು ಉಂಡೆ ಬೆಣ್ಣೆ ಹೆಚ್ಚಿಗೆ ಹಾಕಿದಳು. ಅಪ್ಪ ಅದನ್ನು ತಟ್ಟೆಯಂಚಿಗೆ ಸರಿಸಿ ಎದ್ದ. ದೊಡ್ಡಪ್ಪ ಮುಂದೆ, ಅವನು ಚೀಲ ಹಿಡಿದು ಹಿಂದೆ, ಮಂಡಿಗೆ ಹೋದರು. ಮಣೆ ಅಟ್ಟ ಸೇರಿತು. ಪಡಸಾಲೆಯಲ್ಲಿ ಸಂಜೆ ಟೀವಿ ಬಂತು. ಮಂಡಿಯಲ್ಲಿ ರೈತರು ನೆನಪಿನಿಂದ ಯುಗಾದಿಯ ಆಟದ ಮಾತೆತ್ತಿದರೆ ದೊಡ್ಡಪ್ಪ ಕಾಳಿನ ತೇವ ನೋಡಲು ಎದ್ದು ಹೋಗುತ್ತಾರೆ ಎಂದು ಅಪ್ಪ ಒಂದು ದಿನ ಅವ್ವನಿಗೆ ಹೇಳುತ್ತಿದ್ದುದು ಕೇಳಿಸಿತು. ಹೇಳುವಾಗ ಅವನ ದನಿ ಗೆದ್ದವನ ದನಿಯಾಗಿರಲಿಲ್ಲ. ಅಡುಗೆಮನೆಗೆ ಕಿಟಕಿಯೂ ಬರಲಿಲ್ಲ. ಎಲ್ಲದಕ್ಕೂ ನಾನೇ ಕಾರಣ ಎಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ಗೆಲ್ಲಬೇಕಾದಲ್ಲಿ ನಾನು ಗೆಲ್ಲಲಿಲ್ಲ, ಗೆಲ್ಲಬಾರದ ಕಡೆ ಅಪ್ಪನನ್ನು ಗೆಲ್ಲಿಸಿದೆ.

ಮೂರ್ನಾಲ್ಕು ತಿಂಗಳು ಹೀಗೇ ಕಳೆಯಿತು. ಆಮೇಲೆ ದೊಡ್ಡಪ್ಪ ಒಂದು ಮದುವೆಗೆಂದು ಹರಿಹರಕ್ಕೆ ಹೋಗಿ ಬಂದರು. ಮರುದಿನ ಮಂಡಿಗೆ ರಜೆ. ಅಪ್ಪ ಹೊಲ ನೋಡಿ ಬರಲು ಕುಕ್ಕುವಾಡಕ್ಕೆ ಹೋಗಿದ್ದ. ದೊಡ್ಡಪ್ಪ ಅಟ್ಟದಿಂದ ತಾವೇ ಮಣೆ ಇಳಿಸಿಕೊಂಡು ಬಂದು, ಧೂಳು ಒರೆಸಿ, ಪಡಸಾಲೆಯಲ್ಲಿ ಇಟ್ಟು ನನ್ನನ್ನು ಕರೆದರು. ಕುರ್ಚಿಯಲ್ಲಿ ಕೂರದೆ ನೆಲದ ಮೇಲೆ ಕೂತಿದ್ದರು.

"ಬಾ ಶೈಲಾ, ಕೂಡ್ರು. ಮದ್ವಿಯಾಗೆ ಆ ಮೇಷ್ಟ್ರು ಸಿಕ್ಕಿದ್ರು. ನಿಮ್ಮ ಹುಡ್ಗಿ ನಂಗೆ ಆಟ ಬಿಟ್ಕೊಟ್ಲು, ಎಂಥ ಸಂಸ್ಕಾರ ಕಲ್ಸೀರಿ ಅಂತ ಹತ್ತು ಮಂದಿ ಮುಂದೆ ಹೊಗಳಿದ್ರು. ನಂಗೆ ಅನ್ನ ಇಳೀಲಿಲ್ಲ ನೋಡು."

ನಾನು ನೆಲ ನೋಡಿದೆ. ಮೇಷ್ಟ್ರಿಗೂ ಕಂಡಿತ್ತು, ಕಂಡೂ ಕೈ ಚಾಚಿದ್ದರು ಎಂದು ಗೊತ್ತಾದದ್ದು ಆಗ.

"ಆ ಆಟ ಹಾಕು. ನಿಂತ ಜಾಗಕ್ಕೆ ತಂದು ಬಿಡು, ನಾನೇ ಹುಡುಕ್ತೀನಿ."

ಹಾಕಿದೆ. ರಾಜನನ್ನು ಮೂಲೆಯಲ್ಲಿಟ್ಟೆ, ಹಿತ್ತಾಳೆಯ ಬಟ್ಟನ್ನು ಅದರ ಜಾಗದಲ್ಲಿಟ್ಟೆ. ದೊಡ್ಡಪ್ಪ ಕನ್ನಡಕ ಏರಿಸಿ ಬಾಗಿ ನೋಡಿದರು. ಒಂಟೆಯ ಮೇಲೆ ಬೆರಳಿಟ್ಟರು, ತೆಗೆದರು. ಆನೆಯ ಮೇಲಿಟ್ಟರು, ತೆಗೆದರು. ಚಹಾ ಬಂತು, ಕೆನೆಗಟ್ಟಿತು. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಅವರಿಗೆ ಕಾಣಲಿಲ್ಲ. ನಿಜವಾಗಿಯೂ ಕಾಣಲಿಲ್ಲ. ಇಷ್ಟು ಸಣ್ಣದನ್ನು ನೋಡಲಾರದ ಮನುಷ್ಯನನ್ನು ನಾವೆಲ್ಲ ಸೇರಿ ಊರಿನ ದೊಡ್ಡ ಆಟಗಾರನನ್ನಾಗಿ ಮಾಡಿದ್ದೆವು. ಅವರ ಬೆರಳು ಮಣೆಯ ಮೇಲೆ ತಡಕಾಡುವುದನ್ನು ನೋಡುತ್ತ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ತೋರ್ಸವ್ವ."

ಮಂತ್ರಿಯನ್ನು ತಂದು ರಾಜನ ಪಕ್ಕ ಇಟ್ಟೆ. ಆನೆಯಿಂದ ಹೊಡೆದೆ. ಬಟ್ಟನ್ನು ಹಾರಿಸಿ ಇಟ್ಟೆ. ಅವರು ರಾಜನನ್ನು ಅತ್ತ ಇತ್ತ ಒಯ್ಯಲು ನೋಡಿ, ಎಲ್ಲೂ ಜಾಗವಿಲ್ಲದೆ, ಅಲ್ಲೇ ಬಿಟ್ಟರು.

"ತನ್ನ ಮಂದೀನೇ ಮುತ್ಕೊಂಡಾರಲ್ಲ ಇವ್ನಿಗೆ."

 ಆಮೇಲೆ ಮಣೆಯಿಂದ ಕಣ್ಣೆತ್ತದೆ ಕೇಳಿದರು.

"ನಿಮ್ಮಪ್ಪಗೆ ಇದು ಕಾಣಾಕೆ ಎಷ್ಟೊತ್ತು ಬೇಕಾತು?"

ಅಪ್ಪನ ಕೈ ಮಂತ್ರಿಯನ್ನು ಎತ್ತಿದ ಬಗೆ ನನ್ನ ಕಣ್ಣ ಮುಂದೆ ಬಂತು.

"ಬಾಳ ಹೊತ್ತು ಬೇಕಾತು ದೊಡ್ಡಪ್ಪ. ಅವ್ನಿಗೂ ಬೇಗ ಸಿಕ್ಕಿರ್ಲಿಲ್ಲ."

ದೊಡ್ಡಪ್ಪ ಕನ್ನಡಕ ತೆಗೆದು ನನ್ನನ್ನು ನೋಡಿದರು. ಅವರ ಕಣ್ಣು ಅಷ್ಟು ದಣಿದದ್ದನ್ನು ನಾನು ನೋಡಿರಲಿಲ್ಲ.

"ಈಗೂ ಬಿಟ್ಕೊಟ್ಟೆ ನೋಡು."

ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.  ದೊಡ್ಡಪ್ಪ ಕಾಯುತ್ತಿದ್ದರು. ಹರಿಹರದಲ್ಲಿ ಕುದುರೆಯನ್ನು ಮುಟ್ಟಿದ ಕೈಯನ್ನು ಮಡಿಲಿನಿಂದ ತೆಗೆದು ಮಣೆಯಂಚಿಗಿಟ್ಟೆ.

"ಹಾಕಿದ ಕೂಡ್ಲೆ ಕಂಡ್ತು ದೊಡ್ಡಪ್ಪ. ನಾನಿನ್ನೂ ಕೈ ತೆಗೆದಿರ್ಲಿಲ್ಲ."

"ಹ್ಞೂಂ" ಎಂದರು. ಆ ಒಂದು ಹ್ಞೂಂ ಹೊರಬರಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಹಿತ್ತಾಳೆಯ ಬಟ್ಟನ್ನು ಎತ್ತಿ, ತೂಕ ನೋಡುವವರಂತೆ ಅಂಗೈಯಲ್ಲಿ ಒಮ್ಮೆ ಆಡಿಸಿ, ಮೊದಲಿದ್ದ ಮನೆಯಲ್ಲಿ ಇಟ್ಟರು.

"ಮತ್ತೊಮ್ಮೆ ತೋರ್ಸು. ಸಾವಕಾಶ."

ನಾನು ಮಂತ್ರಿಯನ್ನು ಎತ್ತಿದೆ. ತಲೆ ಎತ್ತಲು ಆಗಲಿಲ್ಲ. ಆದರೆ ಅವನನ್ನು ದೊಡ್ಡಪ್ಪನ ರಾಜನ ಪಕ್ಕಕ್ಕೇ ತಂದು ಇಟ್ಟೆ.